ಜೂ ಪ್ರಾಣಿಗಳ ಮಂಗಳವಾರ ಕಸಿಯಬೇಡಿ

ಅಂಗಡಿಯಲ್ಲಿ ದುಡಿಯುವ ಹುಡುಗನಿಗೆ ವಾರಕ್ಕೊಂದು ರಜೆ ಕೊಡಬೇಕೆಂದು 1961ರ ಕಾಯಿದೆಯೇ ಹೇಳುತ್ತದೆ. ನಮ್ಮ ಮೈಸೂರು ಮೃಗಾಲಯದ ಪ್ರಾಣಿಗಳಿಗೂ ಒಂದು ರಜೆ ಉಂಟು, ಮಂಗಳವಾರ. ಆದರೆ ದಸರಾ ಬಂತು, ಬೇಸಿಗೆ ರಜೆ ಬಂತು ಅಂದರೆ ಆ ಮಂಗಳವಾರಕ್ಕೂ ಕತ್ತರಿ ಹಾಕುವ ಪರಿಪಾಠ ಬೆಳೆದುಬಿಟ್ಟಿದೆ. ಜನಸಂದಣಿ ವಿಪರೀತವಾಗುವ ಹೊತ್ತಿನಲ್ಲೇ ಅವುಗಳ ವಿಶ್ರಾಂತಿ ತಪ್ಪುತ್ತದೆ. ಇದ್ಯಾವ ನ್ಯಾಯ ಸ್ವಾಮಿ?

ಹುಲಿ ಒಂದೇ ಜಾಡಿನಲ್ಲಿ ಅತ್ತಿಂದಿತ್ತ ಸುತ್ತುತ್ತಿದ್ದರೆ ಅದು ಗತ್ತಲ್ಲ, ಆನೆ ನಿಂತಲ್ಲೇ ತಲೆ ತೂಗಿದರೆ ಅದು ಕುಣಿತವಲ್ಲ. ಕೂಡಿಹಾಕಿದ ಬಾಳಿನ ಸಂಕಟ ಹಾಗೆ ಹೊರಬೀಳುತ್ತದೆ ಅಂತಾರೆ ಬಲ್ಲವರು. ನಾವೋ ಅದಕ್ಕೇ ಶಿಳ್ಳೆ ಹೊಡೆಯುತ್ತೇವೆ, ಕಡಲೆಕಾಯಿ ಎಸೆಯುತ್ತೇವೆ. ಜೂನಲ್ಲಿ ಪ್ರಾಣಿಗಳನ್ನು ಕೆಣಕುವುದು, ತಿಂಡಿ ಹಾಕುವುದು, ಗಲಾಟೆ ಮಾಡುವುದು ವನ್ಯಜೀವಿ ಕಾಯಿದೆಯಲ್ಲೇ ನಿಷಿದ್ಧ. ದಸರಾ ನೂಕುನುಗ್ಗಲಿನಲ್ಲಿ ಕೇಳುವವರಾರು?

1892ರಿಂದ ನಡೆದುಬಂದ ಮೃಗಾಲಯವನ್ನು ಮುಚ್ಚಿ ಎನ್ನುತ್ತಿಲ್ಲ. ಇಲ್ಲೇ ಹುಟ್ಟಿ ಬೆಳೆದ ಹುಲಿಯನ್ನು ಏಕಾಏಕಿ ಕಾಡಿಗೆ ಬಿಟ್ಟರೆ ಬದುಕೀತೇ? ಟಿಕೆಟ್ ದುಡ್ಡಿನಿಂದಲೇ ಅವುಗಳ ಹೊಟ್ಟೆ ತುಂಬಬೇಕು, ನಿಜ. ಒಂದು ದಿನ ಬಾಗಿಲು ಹಾಕಿದರೆ ಎದುರಿನ ವ್ಯಾಪಾರಿಗಳಿಗೂ ನಷ್ಟ, ಅದೂ ನಿಜ. ಆದರೆ ಮಂಗಳವಾರ ಬಂದ ಪ್ರವಾಸಿ ಬುಧವಾರ ಬರಬಹುದು, ಇಲ್ಲವೇ ಬೆಟ್ಟಕ್ಕೋ ಅರಮನೆಗೋ ಹೋಗಬಹುದು. ಒಳಗಿರುವ ಪ್ರಾಣಿ ಎಲ್ಲಿಗೆ ಹೋಗಬೇಕು?

ಜೂ ಅಧಿಕಾರಿಗಳು ಮಾಡಬೇಕಾದ್ದು ಇಷ್ಟೇ: ದಸರಾ ಇರಲಿ, ಬೇಸಿಗೆ ಇರಲಿ, ಮಂಗಳವಾರ ರಜೆಯೆಂದು ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನುಗಳಲ್ಲಿ ದೊಡ್ಡ ಬೋರ್ಡು ಹಾಕಿಸಲಿ. ನಮ್ಮ ಸಂತೋಷಕ್ಕಾಗಿ ಜನ್ಮವಿಡೀ ಒಳಗಿರುವ ಜೀವಗಳಿಗೆ ವಾರಕ್ಕೊಂದು ದಿನ ನೆಮ್ಮದಿ ಕೊಡಲಾರದಷ್ಟು ಬಡವಾಯಿತೇ ಮೈಸೂರು?