ಸಾಕ್ಷ್ಯ ನುಡಿಯಲು ಯಾರ ಅಪ್ಪಣೆ ಬೇಕು?

ಕೌಜಲಗಿಯ ಖಬರಸ್ಥಾನದ ಉತಾರದಲ್ಲಿ ಏನಿದೆ ಎಂಬುದನ್ನು ಬೆಂಗಳೂರಿನ ಕಾರ್ಯದರ್ಶಿಗಿಂತ ಊರಿನ ತಲಾಟಿಯೇ ಚೆನ್ನಾಗಿ ಬಲ್ಲ. ಆದರೆ ಶಾಸಕಾಂಗದ ಸಮಿತಿಗಳು ಸಾಮಾನ್ಯವಾಗಿ ಕರೆಯುವುದು ಕಾರ್ಯದರ್ಶಿಯನ್ನು. ತಲಾಟಿಯನ್ನು ಕೇಳಿದರೆ, ‘ಮೇಲಿನವರ ಅನುಮತಿ ಬೇಕು’ ಎನ್ನುತ್ತಾನೆ. ಈ ಭಯಕ್ಕೆ ಕಾನೂನಿನ ಆಧಾರವೇನು?

1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳ 10ನೆಯ ನಿಯಮವೂ ಅಖಿಲ ಭಾರತ ಸೇವೆಗಳ 1968ರ ನಡತೆ ನಿಯಮಗಳ 8ನೆಯ ನಿಯಮವೂ ಹೇಳುವುದು ಒಂದನ್ನೇ. ನೌಕರನು ಸರಕಾರದ ಪೂರ್ವಾನುಮತಿಯಿಲ್ಲದೆ ವಿಚಾರಣೆಗಳಲ್ಲಿ ಸಾಕ್ಷ್ಯ ನುಡಿಯುವಂತಿಲ್ಲ; ಅನುಮತಿ ದೊರೆತರೂ ಸರಕಾರದ ನೀತಿಯನ್ನು ಟೀಕಿಸುವಂತಿಲ್ಲ. ನಮ್ಮ ಕಚೇರಿಗಳು ಇಷ್ಟನ್ನು ಓದಿ ಪುಸ್ತಕ ಮುಚ್ಚಿಬಿಡುತ್ತವೆ. ಸಂಸತ್ತು ಅಥವಾ ರಾಜ್ಯ ಶಾಸಕಾಂಗ ನೇಮಿಸಿದ ಪ್ರಾಧಿಕಾರದ ಮುಂದೆ ನೀಡುವ ಸಾಕ್ಷ್ಯಕ್ಕೆ ಈ ನಿರ್ಬಂಧ ಅನ್ವಯಿಸುವುದೇ ಇಲ್ಲ ಎಂಬ ಮೂರನೆಯ ಉಪನಿಯಮವನ್ನು ಓದುವವರಾರು? ನಮ್ಮ ರಾಜ್ಯದ 1966ರ ನಿಯಮಗಳೂ ಇದೇ ಅಚ್ಚಿನವು. 2021ರಲ್ಲಿ ಅವುಗಳ ಸ್ಥಾನಕ್ಕೆ ಹೊಸ ನಿಯಮಗಳು ಬಂದವು. ಭಯ ಮಾತ್ರ ಹಳೆಯದೇ ಉಳಿಯಿತು.

ವಕ್ಫ್ ತಿದ್ದುಪಡಿ ಮಸೂದೆಯನ್ನು ಪರಿಶೀಲಿಸಿದ ಜಗದಂಬಿಕಾ ಪಾಲ್ ಅಧ್ಯಕ್ಷತೆಯ ಜಂಟಿ ಸಂಸದೀಯ ಸಮಿತಿಯಲ್ಲಿ 2024ರ ಅಕ್ಟೋಬರ್ 28ರಂದು ಗದ್ದಲವೆದ್ದಿತು. ದೆಹಲಿ ವಕ್ಫ್ ಮಂಡಳಿಯ ಆಡಳಿತಾಧಿಕಾರಿ ಮಂಡಳಿಯ ವರದಿಯನ್ನೇ ಬದಲಿಸಿದ್ದಾರೆಂದು ಆರೋಪಿಸಿ ವಿರೋಧಪಕ್ಷದ ಸದಸ್ಯರು ಹೊರನಡೆದರು. ಸರಕಾರದ ಒಪ್ಪಿಗೆಯಿಲ್ಲದ ಆ ವರದಿಯನ್ನು ಅಸಿಂಧುವೆಂದು ಪರಿಗಣಿಸಬೇಕೆಂದು ಆಗಿನ ಮುಖ್ಯಮಂತ್ರಿ ಆತಿಶಿ ಬರೆದರು. ನಮ್ಮವರೂ ಚಪ್ಪಾಳೆ ತಟ್ಟಿದರು. ಇದು ದೂರದೃಷ್ಟಿಯಿಲ್ಲದ ಚಪ್ಪಾಳೆ! ಮೂಲ ವರದಿಯಲ್ಲಿ ಏನಿತ್ತು, ಬದಲಾದದ್ದು ಏನು ಎಂದು ಕೇಳಬೇಕಿತ್ತು. ‘ಸರಕಾರವನ್ನು ಕೇಳಲಿಲ್ಲವೇಕೆ’ ಎಂಬ ವಾದ ಇಂದು ನಮಗೆ ಹಿತವೆನಿಸಬಹುದು. ನಾಳೆ ನಮ್ಮ ಪರ ದಾಖಲೆ ಹಿಡಿದು ನಿಂತ ಪ್ರಾಮಾಣಿಕ ಅಧಿಕಾರಿಯ ಬಾಯಿಗೆ ಬೀಗ ಹಾಕುವುದೂ ಅದೇ ವಾದ.

ಅದೇ ತಿಂಗಳು ವಿಜಯಪುರ ಜಿಲ್ಲೆಯ ಹೊನವಾಡದಲ್ಲಿ 1,200 ಎಕರೆ ವಕ್ಫ್ ಪಾಲಾಯಿತೆಂದು ಗುಲ್ಲೆದ್ದಿತು. ಗೆಜೆಟ್‌ನಲ್ಲಿ ತಪ್ಪಾಗಿದೆ, ವಕ್ಫ್ ಆಸ್ತಿ 11 ಎಕರೆ ಮಾತ್ರ ಎಂದು ಸಚಿವ ಎಂ.ಬಿ. ಪಾಟೀಲರು ಸ್ಪಷ್ಟಪಡಿಸಿದರು. ಸಚಿವರು ಹೇಳಿದ್ದನ್ನು ಅರ್ಧ ನಾಡು ರಾಜಕೀಯವೆಂದು ತಳ್ಳಿಹಾಕುತ್ತದೆ. ಕಡತವನ್ನು ಕಾಯುವ ನೌಕರನು ಪ್ರಮಾಣಮಾಡಿ ನುಡಿದರೆ ಅದರ ತೂಕವೇ ಬೇರೆ.

ಹಾಗೆಂದು ಬೆರಳನ್ನು ಸರಕಾರದ ಕಡೆಗಷ್ಟೇ ತೋರಿಸಿದರೆ ಸಾಲದು. 1995ರ ವಕ್ಫ್ ಕಾಯ್ದೆಯ 101ನೆಯ ಕಲಮಿನ ಪ್ರಕಾರ ಮುತವಲ್ಲಿಯೂ ಸಾರ್ವಜನಿಕ ಸೇವಕನೇ. ಬಾಡಿಗೆಯ ಲೆಕ್ಕ ಕೇಳಿದ ಯುವಕನನ್ನು ‘ನೀನು ಯಾರು?’ ಎಂದು ಗದರುವ ಮುತವಲ್ಲಿಗಳು ಎಷ್ಟು ಊರುಗಳಲ್ಲಿಲ್ಲ? ಸ್ವಂತ ಬಂಧುಗಳ ವಿರುದ್ಧವಾದರೂ ಸಾಕ್ಷ್ಯದಿಂದ ಹಿಂಜರಿಯಬಾರದೆಂಬ ಅನ್ನಿಸಾ ಅಧ್ಯಾಯದ 135ನೆಯ ಸೂಕ್ತದ ಆದೇಶ ತಲಾಟಿಗಿಂತ ಮೊದಲು ಇವರಿಗೆ ಅನ್ವಯಿಸುತ್ತದೆ.

ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಸೇರುವ ಮುನ್ನ ಗೋಕಾಕ, ಮೂಡಲಗಿ, ಹುಕ್ಕೇರಿಯ ಜಮಾಅತ್‌ಗಳು ತಮ್ಮ ಶಾಸಕರನ್ನು ಕಾಣಲಿ. ಸದನ ಸಮಿತಿಯ ಮುಂದೆ ಸಾಕ್ಷ್ಯ ನುಡಿಯಲು ಪೂರ್ವಾನುಮತಿ ಬೇಕಿಲ್ಲ, ನುಡಿದವನನ್ನು ವರ್ಗಾವಣೆಯಿಂದ ಶಿಕ್ಷಿಸುವಂತಿಲ್ಲ ಎಂಬ ಸುತ್ತೋಲೆಯನ್ನು ಪ್ರತಿ ತಹಶೀಲ್ದಾರ್ ಕಚೇರಿಗೂ ಕಳುಹಿಸಲು ಆಗ್ರಹಿಸಲಿ. ಹೋಗುವ ಮುಂಚಿನ ಶುಕ್ರವಾರ ಜುಮಾ ನಮಾಝಿನ ಬಳಿಕ ತಂತಮ್ಮ ಮಸೀದಿಯ ಲೆಕ್ಕಪುಸ್ತಕವನ್ನು ಜಮಾಅತ್‌ನ ಮುಂದೆ ತೆರೆದಿಡಲಿ.