ನಾಣಿಗೆ ಹೇಳಿಕೊಳ್ಳಲು ಯಾರಿದ್ದರು?

ಗಿರೀಶ ಕಾಸರವಳ್ಳಿಯವರ ಮೊದಲ ಪೂರ್ಣಾವಧಿ ಚಿತ್ರ ‘ಘಟಶ್ರಾದ್ಧ’ (1977) ಸ್ವರ್ಣಕಮಲ ಗೆದ್ದಿತು. ಹೊಸ ಮೆರುಗು ಪಡೆದು 2024ರಲ್ಲಿ ವೆನಿಸ್ ಚಿತ್ರೋತ್ಸವಕ್ಕೂ ಹೋಯಿತು. ಇಷ್ಟಾದರೂ ನಾವು ಅದನ್ನು ವಿಧವೆಯ ದುರಂತವೆಂದೇ ನೋಡಿ ಮುಗಿಸಿಬಿಡುತ್ತೇವೆ. ಅನಂತಮೂರ್ತಿಯವರ ಕಥೆಯಿಂದ ಹುಟ್ಟಿದ ಈ ಚಿತ್ರದ ಕಣ್ಣು ಮಾತ್ರ ನಾಣಿಯದು. ವೇದ ಕಲಿಯಲೆಂದು ಹೆತ್ತವರನ್ನು ಬಿಟ್ಟು ಮಲೆನಾಡಿನ ಅಗ್ರಹಾರದ ಗುರು ಉಡುಪರ ಮನೆಗೆ ಬಂದ ಹುಡುಗನಿಗೆ ದೊಡ್ಡ ಹುಡುಗರ ಕಾಟ. ಆಸರೆಯೆಂದರೆ ಉಡುಪರ ವಿಧವೆ ಮಗಳು ಯಮುನಕ್ಕ, ಅವಳೋ ಅವನಿಗಿಂತಲೂ ಒಂಟಿ. ಉಡುಪರು ಊರಲ್ಲಿಲ್ಲದಾಗಲೇ ಎಲ್ಲವೂ ಕೈಮೀರುತ್ತದೆ. ಬಸಿರಾದ ಯಮುನಕ್ಕನ ಸಂಕಟವನ್ನು ಹತ್ತಿರದಿಂದ ಕಾಣುವವನು ಈ ಮಗು. ಮನೆ ತುಂಬ ಜನರಿದ್ದಾರೆ, ಕಂಡದ್ದನ್ನು ಹೇಳಿಕೊಳ್ಳಲು ಒಬ್ಬರೂ ಇಲ್ಲ. ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಕ್ಯಾಮೆರಾ ಕಣ್ಣೀರಿಗೆ ಅವಸರ ಮಾಡದೆ ಆ ಬಾಯಿಕಟ್ಟಿದ ಮುಖವನ್ನೇ ನೋಡುತ್ತದೆ.

ಈ ಚಿತ್ರವನ್ನು ಗದಗ ಜಿಲ್ಲೆಯ ಸೂಡಿಯಂಥ ಊರುಗಳಲ್ಲಿ ದೊಡ್ಡವರಿಗೆ ತೋರಿಸಬೇಕು. ಸೂಡಿಗೆ ಬಂದವರು ಜೋಡು ಕಳಸದ ಗುಡಿ, ನಾಗಕುಂಡ ನೋಡಿಕೊಂಡು ಹೋಗುತ್ತಾರೆ. ಆದರೆ ಮಳೆಯನ್ನೇ ನಂಬಿದ ರೋಣ-ಗಜೇಂದ್ರಗಡ ಸೀಮೆಯಿಂದ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ಗುಳೆ ಹೋಗುವವರು ಎಷ್ಟೋ ಸಲ ಮಕ್ಕಳನ್ನು ಅಜ್ಜ-ಅಜ್ಜಿಯ ಬಳಿ ಬಿಟ್ಟು ಹೋಗುತ್ತಾರೆ. ಆ ಮಗುವಿನ ಹಾಜರಿಗೂ ಬಿಸಿಯೂಟಕ್ಕೂ ಶಾಲೆಯಲ್ಲಿ ಲೆಕ್ಕವಿದೆ. ರಾತ್ರಿ ಹೆದರಿದರೆ, ಯಾರೋ ಕಾಡಿದರೆ ಅದು ಯಾರ ಮುಂದೆ ಬಾಯಿಬಿಡುತ್ತದೆ ಎಂಬುದು ಯಾವ ವಹಿಯಲ್ಲೂ ಇಲ್ಲ.

ಮಲೆನಾಡಿನ ಅಗ್ರಹಾರಕ್ಕೂ ಗುಳೆಯ ಸೀಮೆಗೂ ಎತ್ತಣ ಸಂಬಂಧ ಎಂದು ಕೇಳಬಹುದು. ವ್ಯತ್ಯಾಸ ಸಣ್ಣದಲ್ಲ: ನಾಣಿಯನ್ನು ಕಳಿಸಿದ್ದು ವಿದ್ಯೆಗಾಗಿ, ಇಲ್ಲಿ ಹೆತ್ತವರನ್ನು ಅಟ್ಟುವುದು ಸಾಲ ಮತ್ತು ಬರ. ಹಾಗಾಗಿ ತಪ್ಪನ್ನು ಗುಳೆ ಹೋದವರ ತಲೆಗೆ ಕಟ್ಟುವುದು ಅನ್ಯಾಯ. ಅಜ್ಜ-ಅಜ್ಜಿ ಇದ್ದಾರಲ್ಲ ಎಂಬ ಮಾತಿನಲ್ಲಿ ಹುರುಳಿದೆ. ಎಷ್ಟೋ ಮಕ್ಕಳನ್ನು ಬೆಳೆಸಿದವರು ಅವರೇ. ಆದರೆ ಹೊಲ, ದನ, ಮಂಡಿನೋವುಗಳ ನಡುವೆ ಹೈರಾಣಾದ ಮುದುಕಿಯ ಮೇಲೆ ಮಗುವಿನ ಅಳಲು ಕೇಳುವ ಹೊಣೆಯನ್ನೂ ಹೊರಿಸಿ ಊರು ಕೈತೊಳೆದುಕೊಳ್ಳುವುದು ಸುಲಭದ ಹಾದಿ. ಉಡುಪರೂ ಕೆಟ್ಟವರಲ್ಲ, ಬೇಕಾದಾಗ ಇರಲಿಲ್ಲ, ಅಷ್ಟೇ. ಇಂಥ ನಿಧಾನದ ಚಿತ್ರವನ್ನು ಹಳ್ಳಿಯವರು ನೋಡುತ್ತಾರೆಯೇ ಎಂಬ ಅನುಮಾನವಂತೂ ಪೇಟೆಯವರದು. ರಾತ್ರಿಯಿಡೀ ಬಯಲಾಟ ನೋಡುವ ಜನರ ತಾಳ್ಮೆ ಅವರಿಗೆ ಗೊತ್ತಿಲ್ಲ.

ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಅದರ ಹಿಂದಿನ ಸಂಜೆ ಶಾಲೆಯ ಅಂಗಳದಲ್ಲಿ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಸದಸ್ಯರು ಕೂತು ಈ ಚಿತ್ರ ನೋಡಲಿ. ಮರುದಿನ, ಹೆತ್ತವರು ಗುಳೆ ಹೋದ ಪ್ರತಿ ಮಗುವಿನ ಹೆಸರಿನ ಮುಂದೆ ಅದು ತಾನೇ ಆರಿಸಿಕೊಂಡ ಹಿರಿಯರೊಬ್ಬರ ಹೆಸರನ್ನು ಬರೆದುಕೊಳ್ಳಲಿ.