ತೆರೆಯಲಾಗಲಿಲ್ಲ, ಸರಿ. ಯಾರಿಂದ?

ಕಳೆದ ತಿಂಗಳು ಒಂದು ಬೆಳಿಗ್ಗೆ, ಹತ್ತು ದಿನ ಕೂತು ಮಾಡಿದ ಅನುವಾದವನ್ನು ನನ್ನ ಕೈಯಾರೆ ಅಳಿಸಿಹಾಕುವುದರಲ್ಲಿದ್ದೆ. ಪಾಸ್‌ವರ್ಡ್ ನೆನಪಿತ್ತು, ಡಿಸ್ಕ್ ಚೆನ್ನಾಗಿಯೇ ಇತ್ತು. ತಪ್ಪು ಬೇರೆ ಕಡೆ ಇತ್ತು, ತೆರೆಯ ಮೇಲಿನ ಸಂದೇಶ ಅದನ್ನು ಹೇಳಲಿಲ್ಲ.

ನಾನು ಪುಣೆಯಲ್ಲಿದ್ದುಕೊಂಡು ಮರಾಠಿಯಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ. ಪ್ರಕಟಣೆಗೆ ಮುಂಚೆ ಹಸ್ತಪ್ರತಿ ಯಾರ ಕೈಗೂ ಸಿಗಬಾರದು ಎಂದು ಕರಾರಿನಲ್ಲಿ ಬರೆದುಕೊಟ್ಟಿರುತ್ತೇನೆ. ಹಾಗಾಗಿ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಒಂದು ಭಾಗವನ್ನು ಎನ್‌ಕ್ರಿಪ್ಟ್ ಮಾಡಿ, ಕೆಲಸದ ಕಡತಗಳನ್ನು ಅದರಲ್ಲೇ ಇಡುತ್ತೇನೆ. ಆವತ್ತು ಲ್ಯಾಪ್‌ಟಾಪ್ ಹಚ್ಚಿ, ಅಪ್‌ಡೇಟ್‌ಗೆ ಹಾಕಿ, ಚಹಾ ಕುಡಿದು ಬಂದು ಪಾಸ್‌ವರ್ಡ್ ಕೊಟ್ಟೆ. ಬಂದ ಉತ್ತರದ ಸಾರ ಇಷ್ಟೆ: ಅನ್‌ಲಾಕ್ ಮಾಡಲಾಗಲಿಲ್ಲ.

ಮತ್ತೆ ಕೊಟ್ಟೆ. ಕೀಲಿಮಣೆ ಕನ್ನಡಕ್ಕೆ ಹೊರಳಿದೆಯೇನೋ ಎಂದು ನೋಡಿದೆ. ನಾಲ್ಕನೇ ಸಲಕ್ಕೆ ನನ್ನ ನೆನಪಿನ ಮೇಲೇ ಅನುಮಾನ ಬಂತು. ಡಿಸ್ಕ್ ನಿರ್ವಹಣೆಯ ಕಿಟಕಿ ತೆರೆದರೆ ಆ ಭಾಗದ ಪಕ್ಕದಲ್ಲೇ ‘ಫಾರ್ಮ್ಯಾಟ್’ ಎಂಬ ಆಯ್ಕೆ. ಹಳೆಯ ಕಡತಗಳ ನಕಲು ಬೇರೆ ಕಡೆ ಇದೆ, ಹೋದರೆ ಹತ್ತು ದಿನದ ಕೆಲಸ ಹೋಗುತ್ತದೆ, ಮತ್ತೆ ಕೂತು ಮಾಡಿದರಾಯಿತು ಎಂದು ಮನಸ್ಸು ಲೆಕ್ಕ ಹಾಕತೊಡಗಿತ್ತು. ಅದಕ್ಕೂ ಮುಂಚೆ ಹೈದರಾಬಾದಿನ ಗೆಳತಿಗೆ ಫೋನ್ ಮಾಡಿದ್ದೇ ಪುಣ್ಯ.

“ಅಪ್‌ಡೇಟ್ ಆದಮೇಲೆ ರೀಸ್ಟಾರ್ಟ್ ಮಾಡಿದ್ಯೇನೇ?”

“ಇಲ್ಲ ಕಣೇ.”

“ಮೊದಲು ಅದು ಮಾಡು. ಬೇರೆ ಏನೂ ಮುಟ್ಟಬೇಡ.”

ಮಾಡಿದೆ. ಅದೇ ಪಾಸ್‌ವರ್ಡಿಗೆ ಬೀಗ ತೆರೆಯಿತು.

ಆಗಿದ್ದೇನೆಂದರೆ, ಲಿನಕ್ಸಿನ ತಿರುಳಾದ ಕರ್ನಲ್ ಎಲ್ಲ ಕೆಲಸಗಳನ್ನೂ ತನ್ನೊಳಗೇ ತುಂಬಿಕೊಂಡಿರುವುದಿಲ್ಲ. ಮಾಡ್ಯೂಲ್ ಎಂಬ ತುಣುಕುಗಳನ್ನು ಬೇಕಾದಾಗ ಡಿಸ್ಕಿನಿಂದ ಎತ್ತಿಕೊಳ್ಳುತ್ತದೆ. ಎನ್‌ಕ್ರಿಪ್ಟ್ ಆದ ಭಾಗ ತೆರೆಯಲು ಡಿಎಂ-ಮಾಡ್, ಡಿಎಂ-ಕ್ರಿಪ್ಟ್ ಎಂಬ ಮಾಡ್ಯೂಲುಗಳು ಬೇಕು. ಅವು ಓಡುತ್ತಿರುವ ಕರ್ನಲ್‌ನ ಆವೃತ್ತಿಗೇ ಹೊಂದಿಕೊಂಡಿರಬೇಕು. ಕೆಲವು ಬಗೆಯ ಲಿನಕ್ಸ್‌ಗಳು ಅಪ್‌ಡೇಟ್ ವೇಳೆ ಹಳೆಯ ಮಾಡ್ಯೂಲುಗಳನ್ನು ತೆಗೆದು ಹೊಸವನ್ನು ಇಡುತ್ತವೆ, ಆದರೆ ರೀಸ್ಟಾರ್ಟ್ ಮಾಡುವ ತನಕ ಓಡುತ್ತಿರುವುದು ಹಳೆಯ ಕರ್ನಲ್ಲೇ. ಸಾಮಾನೆಲ್ಲ ಹೊಸ ಮನೆಗೆ ಸಾಗಿಸಿ, ನಾವು ಹಳೆ ಮನೆಯಲ್ಲೇ ಕೂತು ಸಕ್ಕರೆ ಡಬ್ಬಿ ಹುಡುಕಿದ ಹಾಗೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ‘ಮಾಡಲಾಗಲಿಲ್ಲ’ ಎಂಬುದು ವ್ಯಾಕರಣದ ಪ್ರಕಾರ ಸರಿಯಾದ ಕನ್ನಡ. ಅದರಲ್ಲಿ ಕರ್ತೃ ಇಲ್ಲ. ಯಾರಿಂದ ಆಗಲಿಲ್ಲ? ಮರಾಠಿಯ ‘ಉಘಡತಾ ಆಲಂ ನಾಹೀ’ ಕೂಡ ಹೀಗೇ ನುಣುಚಿಕೊಳ್ಳುತ್ತದೆ. ಕರ್ತೃವಿನ ಜಾಗ ಖಾಲಿ ಬಿಟ್ಟರೆ ಓದುವವರು ಅಲ್ಲಿ ತಮ್ಮನ್ನೇ ಕೂರಿಸಿಕೊಳ್ಳುತ್ತಾರೆ. ಪಾಸ್‌ವರ್ಡ್ ಒತ್ತಿದ್ದು ನಾನು, ಆದ್ದರಿಂದ ತಪ್ಪೂ ನನ್ನದೇ ಎಂದುಕೊಂಡೆ. ಮಾತುಕತೆಯಲ್ಲಿ ಹೇಳುವವರು ಸಂದರ್ಭಕ್ಕೆ ಬೇಕಾದಷ್ಟು ಹೇಳುತ್ತಾರೆ ಎಂಬ ನಂಬಿಕೆಯ ಮೇಲೆ ಕೇಳುವವರು ಅರ್ಥ ಕಟ್ಟಿಕೊಳ್ಳುತ್ತಾರೆ ಎಂದು ಪಾಲ್ ಗ್ರೈಸ್ 1975ರ ಪ್ರಬಂಧದಲ್ಲಿ ವಿವರಿಸಿದ್ದರು. ಯಂತ್ರದ ಸಂದೇಶವನ್ನೂ ನಾವು ಅದೇ ನಂಬಿಕೆಯಿಂದ ಓದುತ್ತೇವೆ.

ಆಮೇಲೆ ಕುತೂಹಲಕ್ಕೆ ಹುಡುಕಿದೆ. ಇದೇ ಕೆಲಸಕ್ಕಿರುವ ಕ್ರಿಪ್ಟ್‌ಸೆಟಪ್ ಎಂಬ ಆದೇಶದಲ್ಲಿ ಇಂಥ ಸಂದರ್ಭಕ್ಕೆಂದೇ ಒಂದು ಸಂದೇಶವಿದೆ. ಡಿಎಂ-ಮಾಡ್ ಮಾಡ್ಯೂಲ್ ಲೋಡ್ ಆಗಿದೆಯೇ ಎಂದು ಅದು ಬಳಕೆದಾರರನ್ನು ಕೇಳುತ್ತದೆ. ಲೋಡ್ ಆಗಿದೆಯೋ ಇಲ್ಲವೋ ಎಂದು ಯಂತ್ರವೇ ನೋಡಿ ಹೇಳಬಹುದಲ್ಲ!

ಎಂಜಿನಿಯರುಗಳ ಕಷ್ಟವೂ ಗೊತ್ತು. ಕೆಳಗಿನ ಪದರದಿಂದ ಅನೇಕ ಸಲ ಬರುವುದು ಒಂದು ಸಂಖ್ಯೆ ಮಾತ್ರ. ಲಿನಕ್ಸಿನಲ್ಲಿ 22 ಎಂದರೆ ಅಮಾನ್ಯ ಆರ್ಗ್ಯುಮೆಂಟ್, ಅದರ ಹಿಂದೆ ಹತ್ತಾರು ಕಾರಣಗಳಿರಬಹುದು. ಆದರೆ ಓಡುತ್ತಿರುವ ಕರ್ನಲ್‌ನ ಮಾಡ್ಯೂಲುಗಳ ಫೋಲ್ಡರ್ ಇದೆಯೋ ಇಲ್ಲವೋ ಎಂದು ನೋಡಲು ಪ್ರೋಗ್ರಾಮಿಗೆ ಕ್ಷಣ ಸಾಕು. ‘ಈ ಕರ್ನಲ್‌ಗೆ ಬೇಕಾದ ಮಾಡ್ಯೂಲ್ ಸಿಗುತ್ತಿಲ್ಲ, ರೀಸ್ಟಾರ್ಟ್ ಮಾಡಿ ನೋಡಿ’ ಎಂದಿದ್ದರೆ ನನ್ನ ಕೈ ಫಾರ್ಮ್ಯಾಟ್ ಕಡೆ ಹೋಗುತ್ತಿರಲಿಲ್ಲ. ತಂತ್ರಾಂಶಗಳನ್ನು ಕನ್ನಡಕ್ಕೆ ತರುವ ನನ್ನಂಥವರಿಗೂ ಇದರಲ್ಲಿ ಪಾಲಿದೆ. ಮೂಲದಲ್ಲಿ ಕರ್ತೃ ಇಲ್ಲದಿದ್ದರೆ ‘-ಲಾಗಲಿಲ್ಲ’ ಹಚ್ಚಿ ಮುಂದಕ್ಕೆ ಹೋಗುವ ಬದಲು, ಯಾರಿಂದ ಆಗಲಿಲ್ಲ ಎಂದು ಮೂಲ ಬರೆದವರನ್ನು ಕೇಳಬೇಕು.

ಅಲ್ಲಿಯ ತನಕ ನಮ್ಮ ಎಚ್ಚರದಲ್ಲಿ ನಾವಿರೋಣ. ಬೀಗ ತೆರೆಯದಿದ್ದರೆ ‘ಯೂನೇಮ್ -ಆರ್’ ಎಂಬ ಆದೇಶದಿಂದ ಓಡುತ್ತಿರುವ ಕರ್ನಲ್‌ನ ಆವೃತ್ತಿ ನೋಡಿ. ‘ಲಿಬ್’ ಒಳಗಿನ ‘ಮಾಡ್ಯೂಲ್ಸ್’ ಫೋಲ್ಡರಿನಲ್ಲಿ ಅದೇ ಹೆಸರಿನ ಫೋಲ್ಡರ್ ಇಲ್ಲದಿದ್ದರೆ ರೀಸ್ಟಾರ್ಟ್ ಸಾಕು. ಇದ್ದರೆ ‘ಮಾಡ್‌ಪ್ರೋಬ್’ ಆದೇಶದಿಂದ ಡಿಎಂ-ಕ್ರಿಪ್ಟ್ ಲೋಡ್ ಮಾಡಿ ನೋಡಿ. ಮಾಡ್ಯೂಲ್‌ನ ಸ್ವರೂಪ ಸರಿಯಿಲ್ಲ ಎಂದು ದೂರಿದರೆ ಬಹುಪಾಲು ಅದು ಬೇರೆ ಆವೃತ್ತಿಯದ್ದು. ವಿವರ ಕರ್ನಲ್‌ನ ದಾಖಲೆಯಲ್ಲಿ, ಅಂದರೆ ‘ಡಿ-ಮೆಸೇಜ್’ ಆದೇಶದಲ್ಲಿ ಸಿಗುತ್ತದೆ.

ಇನ್ನೊಂದು ಕೆಲಸ ಇವತ್ತೇ ಮಾಡಿ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಬಳಸುವ ಲಕ್ಸ್ ಪದ್ಧತಿಯಲ್ಲಿ ಬೀಗದ ವಿವರವೆಲ್ಲ ಡಿಸ್ಕ್ ಭಾಗದ ಆರಂಭದಲ್ಲಿರುವ ಹೆಡರ್‌ನಲ್ಲಿರುತ್ತದೆ. ಲಕ್ಸ್-2ರಲ್ಲಿ ಅದು ಸಾಮಾನ್ಯವಾಗಿ 16 ಎಂಬಿ. ಅದು ಅಳಿಸಿಹೋದರೆ ಸರಿಯಾದ ಪಾಸ್‌ವರ್ಡೂ ಕೆಲಸಕ್ಕೆ ಬಾರದು. ಕ್ರಿಪ್ಟ್‌ಸೆಟಪ್‌ನ ‘ಲಕ್ಸ್ ಹೆಡರ್ ಬ್ಯಾಕಪ್’ ಆದೇಶದಿಂದ ಅದರ ನಕಲು ತೆಗೆದು ಬೇರೆ ಡಿಸ್ಕಿನಲ್ಲಿ ಜೋಪಾನವಾಗಿಡಿ. ಹೆಡರ್‌ನ ನಕಲಿದೆ ಎಂದು ಕಡತಗಳ ನಕಲು ಬಿಡಬೇಡಿ, ಎರಡೂ ಬೇಕು. ನಾನು ಎರಡನ್ನೂ ಮಾಡಿದ್ದು ಆ ಸಂಜೆ, ಅನುವಾದವನ್ನು ಪ್ರಕಾಶಕರಿಗೆ ಕಳುಹಿಸಿದ ಮೇಲೆ.